ಉಡುಗೊರೆಯ ಬುಟ್ಟಿ ಮತ್ತು ನಮ್ಮ ಮೌನ

ಹಬ್ಬಗಳು ಸಮೀಪಿಸಿದಂತೆ ದೂರದ ನಗರಗಳಲ್ಲಿ ನೆಲೆಸಿರುವ ಮಕ್ಕಳು ಗುಂಡ್ಲುಪೇಟೆಯ ಹೆತ್ತವರಿಗೆ ಆನ್‌ಲೈನ್ ಮೂಲಕ ಉಡುಗೊರೆಯ ಬುಟ್ಟಿ ಕಳುಹಿಸುವುದು ಇಂದು ವಿರಳವಲ್ಲ. ಬುಟ್ಟಿ ಹಬ್ಬ ಕಳೆದ ಮೇಲೆ ಬರುವುದೂ, ಹಣ್ಣು ಕೊಳೆತಿರುವುದೂ, ಚಿತ್ರದಲ್ಲಿ ಕಂಡದ್ದು ಒಳಗೆ ಇಲ್ಲದಿರುವುದೂ ಉಂಟು.

ಸಂತೆಯಲ್ಲಿ ಕೊಳ್ಳುವವನೇ ಸರಕನ್ನು ಮುಟ್ಟಿ ನೋಡುತ್ತಾನೆ. ಇಲ್ಲಿ ಹಣ ತೆತ್ತವನು ಬುಟ್ಟಿಯನ್ನು ಕಾಣನು. ಕಂಡವರಾದರೋ ಮಕ್ಕಳ ಮನಸ್ಸು ನೋಯದಿರಲೆಂದು ‘ಚೆನ್ನಾಗಿತ್ತು’ ಎಂದುಬಿಡುತ್ತಾರೆ. ಈ ಸಂಕೋಚವೇ ಅಪ್ರಾಮಾಣಿಕ ವ್ಯಾಪಾರಿಗೆ ರಕ್ಷಾಕವಚ.

ಕಾನೂನು ಇದನ್ನು ಮನಗಂಡಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಕೊಂಡವನ ಒಪ್ಪಿಗೆಯಿಂದ ಸರಕನ್ನು ಬಳಸುವವರೂ ಗ್ರಾಹಕರೇ. ದೂರುದಾರನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಸಲ್ಲಿಸಬಹುದು. 1986ರ ಕಾಯ್ದೆಯಲ್ಲಿ ಈ ಅನುಕೂಲವಿರಲಿಲ್ಲ. ಹೀಗಾಗಿ ಕಂಪನಿ ಎಲ್ಲಿಯೇ ಇರಲಿ, ನಮ್ಮ ಹಿರಿಯರಿಗೆ ಚಾಮರಾಜನಗರದ ಬಾಗಿಲು ತೆರೆದಿದೆ. 2020ರ ಇ-ವಾಣಿಜ್ಯ ನಿಯಮಗಳು ದೂರು ತಲಪಿದುದನ್ನು 48 ಗಂಟೆಗಳೊಳಗೆ ಒಪ್ಪಿಕೊಂಡು, ಒಂದು ತಿಂಗಳೊಳಗೆ ಪರಿಹರಿಸಬೇಕೆನ್ನುತ್ತವೆ. ಮೊದಲ ಸಲಹೆಗೆ ಗ್ರಾಹಕ ಸಹಾಯವಾಣಿ 1915 ಇದೆ.

ಆದರೆ ಯಾವ ಕಾಯ್ದೆಯೂ ಮೌನಿಗಳ ಪರವಾಗಿ ತಾನೇ ವಾದಿಸದು. ಆದುದರಿಂದ ಪ್ರಿಯ ಓದುಗರೇ, ಕೊಳೆತದ್ದನ್ನು ಎಸೆಯುವ ಮುನ್ನ ಅದರ ಚಿತ್ರ ತೆಗೆದಿಡಿ, ರಸೀದಿಯನ್ನು ಕಾಪಾಡಿ, ಮಕ್ಕಳಿಗೆ ನಿಜವನ್ನೇ ತಿಳಿಸಿ. ಅವರ ಪ್ರೀತಿಗೆ ಕೃತಜ್ಞರಾಗಿರುವುದಕ್ಕೂ, ಅವರ ದುಡಿಮೆಯ ಹಣಕ್ಕೆ ನ್ಯಾಯ ಕೇಳುವುದಕ್ಕೂ ವಿರೋಧವಿಲ್ಲ.