ಲ್ಯಾಬ್ ಬಾಗಿಲು ಕಾಮರ್ಸ್‌ನವರಿಗೂ ತೆರೆಯಲಿ

2025ರ ಏಪ್ರಿಲ್ 13ರಂದು ಕರ್ನೂಲಿನಲ್ಲಿ ಡಿಆರ್‌ಡಿಒದವರು ಲೇಸರ್ ಕಿರಣದಿಂದ ಡ್ರೋನ್‌ಗಳನ್ನು ಹೊಡೆದುರುಳಿಸಿದರು. ಸುದ್ದಿಯಲ್ಲಿ 30 ಕಿಲೋವಾಟ್ ಎಂಬ ಅಂಕಿಯೇ ದೊಡ್ಡದಾಗಿ ಕಂಡಿತು. ನಾವು ಕಾಮರ್ಸ್‌ನವರು ಅಂಕಿ ಕಂಡರೆ ಕೂಡುತ್ತೇವೆ: ಹತ್ತು ಕಿಲೋವಾಟಿನ ಮೂರು ಲೇಸರ್ ಇಟ್ಟರೆ ಮೂವತ್ತು, ಲೆಕ್ಕ ಮುಗಿಯಿತು. ಬೆಳಕಿನ ಲೆಕ್ಕ ಅಷ್ಟಕ್ಕೆ ಮುಗಿಯುವುದಿಲ್ಲ.

ಕಿರಣವನ್ನು ಎಷ್ಟು ಸಣ್ಣ ಚುಕ್ಕೆಗೆ ತರಬಹುದು ಎಂಬುದಕ್ಕೆ ಎಂ ಸ್ಕ್ವೇರ್ಡ್ ಎಂಬ ಅಳತೆ ಇದೆ. ಅತ್ಯುತ್ತಮ ಕಿರಣಕ್ಕೆ ಅದು 1. ಅದು 2 ಆದರೆ ಚುಕ್ಕೆಯ ಅಗಲ ಎರಡು ಪಟ್ಟು, ವಿಸ್ತೀರ್ಣ ನಾಲ್ಕು ಪಟ್ಟು. ವಾಟ್ ಅಷ್ಟೇ ಇದ್ದರೂ ತೀವ್ರತೆ ಕಾಲು ಭಾಗಕ್ಕಿಳಿಯುತ್ತದೆ. ಲೇಸರ್‌ಗಳನ್ನು ಸುಮ್ಮನೆ ಪಕ್ಕಪಕ್ಕ ಜೋಡಿಸಿದರೆ ವಾಟ್ ಹೆಚ್ಚುತ್ತದೆ, ಕಿರಣದ ಗುಣ ಕೆಡುತ್ತದೆ.

ಇದಕ್ಕೊಂದು ಉಪಾಯ ಗ್ರೇಟಿಂಗ್, ಅಂದರೆ ತೀರಾ ಒತ್ತೊತ್ತಾಗಿ ಗೆರೆ ಕೊರೆದ ಫಲಕ. ಅದು ಬಿಳಿ ಬೆಳಕನ್ನು ಬಣ್ಣಬಣ್ಣವಾಗಿ ಬೇರೆ ಬೇರೆ ಕೋನಕ್ಕೆ ಬಿಡಿಸುತ್ತದೆ. ಅದನ್ನೇ ಹಿಮ್ಮುಖ ಮಾಡಿ, ಬೇರೆ ಬೇರೆ ತರಂಗಾಂತರದ ಲೇಸರ್‌ಗಳನ್ನು ತಕ್ಕ ಕೋನಗಳಿಂದ ಬಿಟ್ಟರೆ ಎಲ್ಲವೂ ಒಂದೇ ದಾರಿ ಹಿಡಿಯುತ್ತವೆ. ತೊಡಕೂ ಅಲ್ಲೇ ಇದೆ. ಯಾವ ಲೇಸರೂ ಪೂರ್ತಿ ಒಂದೇ ತರಂಗಾಂತರದ್ದಲ್ಲ. ಆ ಚೂರು ವ್ಯತ್ಯಾಸವನ್ನೂ ಗ್ರೇಟಿಂಗ್ ಬಿಡಿಸಿಬಿಡುತ್ತದೆ, ಕಿರಣ ಒಂದು ದಿಕ್ಕಿಗೆ ಹರಡಿಕೊಳ್ಳುತ್ತದೆ. ಆಗ ಲೇಸರಿನ ತರಂಗಾಂತರದ ಹರವನ್ನು ಕಿರಿದು ಮಾಡಬೇಕು, ಇಲ್ಲವೇ ಇನ್ನೊಂದು ಗ್ರೇಟಿಂಗ್ ಇಟ್ಟು ಮೊದಲನೆಯದು ಹರಡಿದ್ದನ್ನು ಸರಿದೂಗಿಸಬೇಕು. ಎರಡನೆಯದಕ್ಕೆ ಬೆಲೆಯೂ ಇದೆ: ಒಂದೊಂದರಲ್ಲಿ ನೂರಕ್ಕೆ 95 ಉಳಿಯುತ್ತದೆ ಎಂದಿಟ್ಟುಕೊಂಡರೆ, ಎರಡನ್ನೂ ದಾಟಿದ ಮೇಲೆ ಸಿಗುವುದು ತೊಂಬತ್ತೂಕಾಲು. ವಾಟ್ ಕೊಟ್ಟು ಗುಣ ಕೊಳ್ಳುವ ಈ ವ್ಯವಹಾರ ನಮ್ಮ ಪಾಠವಲ್ಲದೆ ಮತ್ತೇನು?

ಗ್ರೇಟಿಂಗ್‌ನ ಕಥೆ ಕೊಳ್ಳೇಗಾಲಕ್ಕೂ ಹತ್ತಿರದ್ದು. ಅಮೆರಿಕದ ಹಾಪ್ಕಿನ್ಸನ್ ಎಂಬುವರು ರೇಷ್ಮೆ ಕರವಸ್ತ್ರದ ಮೂಲಕ ಬೀದಿದೀಪ ನೋಡಿ, ಕಂಡ ಗೆರೆಗಳಿಗೆ ಕಾರಣ ಕೇಳಿದರು. ಅದಕ್ಕಾಗಿಯೇ ರಿಟನ್‌ಹೌಸ್ 1785ರಲ್ಲಿ ಕೂದಲೆಳೆಗಳನ್ನು ಸಾಲಾಗಿ ಕಟ್ಟಿ ಗ್ರೇಟಿಂಗ್ ಮಾಡಿದರು. ರೇಷ್ಮೆ ನೇಯುವ ಊರಿನವರು ನಾವು, ಇದನ್ನು ನೋಡದೆ ಇರಬೇಕೆ?

ಹತ್ತನೇ ತರಗತಿ ಮುಗಿಸಿ ಅರ್ಜಿಯಲ್ಲಿ ಕಾಮರ್ಸ್ ಎಂದು ಬರೆದ ದಿನವೇ ನಮಗೆ ಲ್ಯಾಬ್ ಬಾಗಿಲು ಮುಚ್ಚುತ್ತದೆ. ನಮ್ಮಲ್ಲಿ ಕೆಲವು ಹುಡುಗಿಯರ ಓದು ಪಿಯುಸಿಗೇ ನಿಲ್ಲುತ್ತದೆ, ಕೆಲವು ಹುಡುಗರು ಅಬ್ಬಾನ ಅಂಗಡಿಗೆ ಹೋಗಿ ಕೂರುತ್ತಾರೆ. ಅವರಿಗೆ ಲ್ಯಾಬ್ ಇರುವ ಕಟ್ಟಡ ಇದೇ ಕೊನೆಯದು.

ಪ್ರಾಂಶುಪಾಲರಲ್ಲಿ, ಭೌತಶಾಸ್ತ್ರದ ಸರ್ ಅವರಲ್ಲಿ ನನ್ನ ಕೋರಿಕೆ ಇಷ್ಟೇ: ತಿಂಗಳಿಗೆ ಒಂದು ಶನಿವಾರ, ಒಂದು ಪೀರಿಯಡ್. ಕೆಂಪು ಲೇಸರ್ ಪಾಯಿಂಟರ್, ಹಳೆಯ ಸಿಡಿ ಸಾಕು. ಸಿಡಿಯ ಗೆರೆಗಳೂ ಗ್ರೇಟಿಂಗೇ. ಕಣ್ಣಿಗೆ ಲೇಸರ್ ಬೀಳದಂತೆ ನೋಡಿಕೊಳ್ಳಲು ಸರ್ ಇರಲೇಬೇಕು. ಹನೂರು, ಯಳಂದೂರು ಕಡೆಯವರಿಗೆ ಬಸ್ ತಪ್ಪದಂತೆ ಮೊದಲನೇ ಪೀರಿಯಡ್‌ಗೇ ಇಟ್ಟರೆ ಒಳ್ಳೆಯದು.