ನಲಿ-ಕಲಿ: ಅಂದು ಕೋಟೆಯ ಮೇಷ್ಟ್ರುಗಳು ಒಪ್ಪಿದ್ದು ಹೇಗೆ, ಇಂದು ಹಿಂಜರಿಯೋದು ಯಾಕೆ?

ಸರ್ಕಾರಿ ಶಾಲೆಗೆ ಜೂನ್‌ನಲ್ಲಿ ಸೇರಿದ ಒಂದನೇ ಕ್ಲಾಸಿನ ಮಗುವನ್ನು ದಸರಾ ಹೊತ್ತಿಗೆ ಕೂರಿಸಿಕೊಂಡು ‘ಅ ಆ ಇ ಈ ಹೇಳು ಪುಟ್ಟ’ ಅನ್ನಿ. ಅರ್ಧಕ್ಕೇ ನಿಂತುಬಿಡಬಹುದು. ಅಜ್ಜನಿಗೆ ಗಾಬರಿ, ಅಪ್ಪನಿಗೆ ಸಿಟ್ಟು. ಮುಂದಿನ ವರ್ಷ ವ್ಯಾನ್ ಬರೋ ಸ್ಕೂಲಿಗೆ ಹಾಕೋಣ ಅನ್ನೋ ಮಾತು ಆಗಲೇ ಶುರು. ಅದೇ ಮಗುವಿಗೆ ಸರ, ಅರಸ, ಅಗಸ, ಗರಗಸ ಅಂತ ಬರೆದು ತೋರಿಸಿದರೆ ಓದಿಬಿಡುತ್ತೆ. ಯಾಕೆಂದರೆ ನಲಿ-ಕಲಿಯಲ್ಲಿ ಅಕ್ಷರ ಶುರುವಾಗೋದು ವರ್ಣಮಾಲೆಯ ಕ್ರಮದಲ್ಲಿ ಅಲ್ಲ. ರ, ಗ, ಸ, ದ, ಅ ಇಂದ. ಈ ಐದೇ ಅಕ್ಷರದಲ್ಲಿ ಇಷ್ಟು ಪದ ಕಟ್ಟಬಹುದು. ಆಮೇಲೆ ಜ, ವ, ಮ, ಬ, ನ ಬಂದರೆ ಮರ, ಜನ, ವನ, ಗಮನ. ಐವತ್ತು ಅಕ್ಷರ ಬಾಯಿಪಾಠ ಆಗೋವರೆಗೂ ಕಾಯದೆ, ಮೊದಲ ತಿಂಗಳುಗಳಲ್ಲೇ ಮಗು ‘ನಾನು ಓದಿದೆ’ ಅನ್ನಬೇಕು ಅನ್ನೋದು ಇದರ ಲೆಕ್ಕ.

ಇದು ಮನೆಯವರಿಗೆ ಗೊತ್ತಿಲ್ಲ ಅನ್ನೋದು ಒಂದು ಕಡೆ. ದೊಡ್ಡ ಸಮಸ್ಯೆ ಅಂದ್ರೆ, ಹದಿನೈದು ವರ್ಷಕ್ಕೂ ಮೇಲಾದರೂ ಕ್ಲಾಸಲ್ಲಿ ನಿಂತು ಕಲಿಸೋ ಶಿಕ್ಷಕರಲ್ಲೇ ಅನೇಕರು ಇದನ್ನು ಮನಸಾರೆ ಒಪ್ಪಿಲ್ಲ. ತಪಾಸಣೆಗೆ ಯಾರಾದರೂ ಬಂದಾಗ ಕಾರ್ಡು ಹೊರಗೆ, ಹೋದ ಮೇಲೆ ಬೋರ್ಡು-ಸೀಮೆಸುಣ್ಣ. ಶಾಲೆ ಪಡಸಾಲೆಯಲ್ಲಿ ಹತ್ತು ನಿಮಿಷ ಕೂತರೆ ಯಾರಿಗಾದರೂ ತಿಳಿಯುವ ವಿಷಯ ಇದು.

ಈಗ ಈ ಮಾತು ಯಾಕೆ ಅಂದರೆ, ಗಡುವು ಹತ್ತಿರ ಬಂದಿದೆ. 2021ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ನಿಪುಣ್ ಭಾರತ್ ಪ್ರಕಾರ 2026-27ರ ಹೊತ್ತಿಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದಬೇಕು. ವಾಸ್ತವ ಬೇರೆ. ಅಸರ್ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಮೂರನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿ ಪಠ್ಯ ಓದಬಲ್ಲವರು 2022ರಲ್ಲಿ ಶೇ. 16.3, 2024ರಲ್ಲಿ ಶೇ. 23.4. ಏರಿದೆ, ನಿಜ. ಆದರೂ ನಾಲ್ಕರಲ್ಲಿ ಮೂರು ಮಕ್ಕಳು ಓದಲ್ಲ ಅಂತಲೇ ಅರ್ಥ. ಹಾಗಾಗಿ ಹೊಸ ತರಬೇತಿ, ಹೊಸ ಅಭ್ಯಾಸ ಪುಸ್ತಕ, ಹೊಸ ಸುತ್ತೋಲೆ ಒಂದರ ಹಿಂದೊಂದು ಬರುತ್ತಲೇ ಇವೆ. ಆದೇಶ ಬಂದ ಮಾತ್ರಕ್ಕೆ ಮೇಷ್ಟ್ರು ಬದಲಾಗ್ತಾರಾ? ಈ ಪ್ರಶ್ನೆಗೆ ಉತ್ತರ ಹುಡುಕೋಕೆ ದೂರ ಹೋಗಬೇಕಿಲ್ಲ, ನಮ್ಮ ಎಚ್.ಡಿ.ಕೋಟೆಗೇ ಬರಬೇಕು.

ನಲಿ-ಕಲಿ ಹುಟ್ಟಿದ್ದೇ ಇಲ್ಲಿ, 1995ರಲ್ಲಿ. ಈಗಿನ ಸರಗೂರು ತಾಲ್ಲೂಕೂ ಆಗ ಕೋಟೆಗೇ ಸೇರಿತ್ತು. ಯುನಿಸೆಫ್ ನೆರವಿನಲ್ಲಿ ಇಲ್ಲಿನ ಶಿಕ್ಷಕರ ಒಂದು ಗುಂಪು ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿಗೆ ಹೋಯಿತು. ಅಲ್ಲಿ ಸುತ್ತಲ ಹಳ್ಳಿಗಳ ಪುಟ್ಟ ಶಾಲೆಗಳಲ್ಲಿ ಒಬ್ಬರೇ ಶಿಕ್ಷಕರು ಹಲವು ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಾರ್ಡುಗಳ ಮೂಲಕ ಕಲಿಸುತ್ತಿದ್ದರು. ಹೋದವರು ಅದನ್ನು ಕಣ್ಣಾರೆ ನೋಡಿದರು. ವಾಪಸ್ ಬಂದು ಅಲ್ಲಿನ ಕಾರ್ಡುಗಳನ್ನೇ ಕನ್ನಡಕ್ಕೆ ಇಳಿಸಿ ಕೂರಲಿಲ್ಲ. ತಮ್ಮ ಮಕ್ಕಳ ಮಾತು, ಹಾಡು, ಕಥೆ ಇಟ್ಟುಕೊಂಡು ತಾವೇ ಕಾರ್ಡು ಬರೆದರು, ಕೆಲವು ಶಾಲೆಗಳಲ್ಲಿ ಮಾಡಿ ನೋಡಿದರು, ಸರಿಬರದ್ದನ್ನು ತಿದ್ದಿದರು. ಆಮೇಲೆ ಇದು ತಾಲ್ಲೂಕಿನ ಬೇರೆ ಶಾಲೆಗಳಿಗೆ ಹೋಯಿತು. ಪಕ್ಕದೂರಿನ ಮೇಷ್ಟ್ರಿಗೆ ಇದನ್ನು ಹೇಳಿಕೊಟ್ಟವರು ಇನ್ನೊಬ್ಬ ಮೇಷ್ಟ್ರೇ.

ಕೋಟೆಗೆ ಇದು ಒಗ್ಗಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಹಾಡಿಗಳ ಜೇನುಕುರುಬ, ಕಾಡುಕುರುಬ, ಯರವ ಕುಟುಂಬಗಳು ಕಾಫಿ ಕೊಯ್ಲಿಗೆ ಕೊಡಗಿಗೆ ಹೋಗೋದು ನಿಮಗೆಲ್ಲ ಗೊತ್ತಿರುವುದೇ. ಮಕ್ಕಳೂ ಜೊತೆಗೆ ಹೋಗ್ತಾವೆ. ಹಳೇ ಪದ್ಧತಿಯಲ್ಲಿ ಎರಡು ತಿಂಗಳು ಬಿಟ್ಟು ಬಂದ ಮಗುವಿಗೆ ಕ್ಲಾಸು ಮುಂದೆ ಓಡಿಹೋಗಿರುತ್ತೆ. ನಾಚಿಕೆಪಟ್ಟುಕೊಂಡು ಅದು ಶಾಲೆಯನ್ನೇ ಬಿಡುತ್ತೆ. ನಲಿ-ಕಲಿಯಲ್ಲಿ ಕಲಿಕಾ ಏಣಿ ಇದೆ. ಯಾವ ಮೆಟ್ಟಿಲಲ್ಲಿ ಬಿಟ್ಟು ಹೋಯಿತೋ ಅಲ್ಲಿಂದಲೇ ಮುಂದುವರಿಯಬಹುದು. ಒಬ್ಬರೇ ಮೇಷ್ಟ್ರಿರುವ ಶಾಲೆಗೂ ಇದು ವರ. ಮಕ್ಕಳು ತಟ್ಟೆಗಳಲ್ಲಿ ಗುಂಪಾಗಿ ಕೂರ್ತಾರೆ. ಒಂದು ತಟ್ಟೆಗೆ ಶಿಕ್ಷಕರ ಪೂರ್ತಿ ಸಹಾಯ, ಇನ್ನೊಂದಕ್ಕೆ ಸ್ವಲ್ಪ, ಮತ್ತೊಂದರಲ್ಲಿ ಮಕ್ಕಳೇ ಒಬ್ಬರಿಗೊಬ್ಬರು. ಕೊನೆಗೆ ಸ್ವಕಲಿಕೆ. ತಮ್ಮ ಕಷ್ಟಕ್ಕೆ ಇದರಲ್ಲಿ ಉತ್ತರ ಇದೆ ಅಂತ ಕಂಡಿದ್ದಕ್ಕೇ ಆ ಶಿಕ್ಷಕರು ಇದನ್ನು ಹಿಡಿದುಕೊಂಡರು.

2009-10ರಲ್ಲಿ ಇದು ಇಡೀ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಮೊದಲು 1 ಮತ್ತು 2ನೇ ತರಗತಿ, ಆಮೇಲೆ 3. ಗೋಡೆ ಕೆಳಗೆ ಮಕ್ಕಳಿಗೆ ಹಲಗೆ, ಮೇಲೆ ಚಪ್ಪರ ಕಟ್ಟಿ ಮಕ್ಕಳ ಚಿತ್ರ, ಪ್ರಗತಿ ನೋಟ, ಹವಾಮಾನ ನಕ್ಷೆ ಎಲ್ಲ ಬಂದವು. ರಿಷಿವ್ಯಾಲಿಗೆ ಹೋಗಿ ನೋಡಿ ಬರೋ ಅವಕಾಶ ಮಾತ್ರ ಬರಲಿಲ್ಲ. ಕಾರ್ಡು ಬರೆದವರು ಯಾರೋ, ಬಳಸುವವರು ಯಾರೋ. ಕೆಲವೇ ದಿನದ ತರಬೇತಿ, ಕೈಗೊಂದು ಕಿಟ್ ಅಷ್ಟೆ. ಇಪ್ಪತ್ತು ವರ್ಷ ಅ-ಅರಸ, ಆ-ಆನೆ ಕಲಿಸಿ, ಆ ಮಕ್ಕಳು ಇವತ್ತು ಡಾಕ್ಟರು ಎಂಜಿನಿಯರು ಆಗಿದ್ದನ್ನು ಕಂಡ ಮೇಡಂಗೆ ‘ನಾಳೆಯಿಂದ ಹೀಗೆ ಮಾಡಿ’ ಅಂದರೆ ಅದು ಕೇಳೋದು ಒಂದೇ ಥರ: ಇಷ್ಟು ದಿನ ನೀವು ಮಾಡಿದ್ದೆಲ್ಲ ತಪ್ಪು. ಯಾರು ತಾನೇ ಒಪ್ಪುತ್ತಾರೆ?

ಇದನ್ನು ಸೋಮಾರಿತನ ಅಂತ ತಳ್ಳಿಹಾಕೋರಿದ್ದಾರೆ. ನನಗದು ಅನ್ಯಾಯ ಅನ್ನಿಸುತ್ತೆ. ಶಿಕ್ಷಕರ ತಕರಾರಿನಲ್ಲಿ ಹುರುಳಿದೆ. ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಪ್ರತಿ ಮಗು ಬೇರೆ ಬೇರೆ ಮೆಟ್ಟಿಲಲ್ಲಿ, ಪ್ರತಿ ಮೆಟ್ಟಿಲಿಗೂ ದಾಖಲೆ. ಸಂಖ್ಯೆ ಮೂವತ್ತು ದಾಟಿದರೆ ಒಬ್ಬರ ಕೈಯಲ್ಲಿ ಆಗೋ ಕೆಲಸವಲ್ಲ. ಹರಿದ, ಕಳೆದುಹೋದ ಕಾರ್ಡಿನ ಜಾಗಕ್ಕೆ ಹೊಸದು ಬರದಿದ್ದರೆ ಏಣಿಯಲ್ಲಿ ಮೆಟ್ಟಿಲೇ ಇಲ್ಲದ ಹಾಗೆ. ಇದರ ಮೇಲೆ ಮೊಟ್ಟೆ ಲೆಕ್ಕ, ಆ್ಯಪ್ ಅಪ್‌ಡೇಟು, ಮತದಾರರ ಪಟ್ಟಿ. 2025ರ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ದಸರಾ ರಜೆಯಲ್ಲಿ ಮನೆ ಮನೆ ಸುತ್ತಿದ್ದನ್ನು, ಅದಕ್ಕಾಗಿ ರಜೆಯನ್ನೇ ವಿಸ್ತರಿಸಿದ್ದನ್ನು ನೀವೇ ನೋಡಿದ್ದೀರಿ. ಇನ್ನು 2019-20ರಿಂದ ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮ ವಿಭಾಗ ಶುರುವಾದ ಮೇಲೆ, ಅದು ಇರುವ ಕಡೆ ಕಾರ್ಡು ಕೆಳಗಿಟ್ಟು ಎಬಿಸಿಡಿ ಬರೆಸಿ ಅನ್ನೋ ಒತ್ತಡ ಪೋಷಕರಿಂದಲೇ ಹೆಚ್ಚಾಗಿದೆ.

ಹಾಗಾದರೆ ಒಪ್ಪದ ಸಹೋದ್ಯೋಗಿಯನ್ನು ಒಪ್ಪಿಸೋದು ಹೇಗೆ? ಸಮಾಲೋಚನಾ ಸಭೆಯಲ್ಲಿ ಸುತ್ತೋಲೆ ಓದಿ ಅಲ್ಲ. ತಿಂಗಳಿಗೊಮ್ಮೆ ಕ್ಲಸ್ಟರ್‌ನ ಶಿಕ್ಷಕರೆಲ್ಲ ಸೇರೋ ಒಂದೇ ದಿನ ಅದು. ಅದರಲ್ಲಿ ಮುಕ್ಕಾಲು ಪಾಲು ಮಾಹಿತಿ ಕೊಡೋದು, ತಗೊಳ್ಳೋದರಲ್ಲೇ ಕಳೆದುಹೋದರೆ ‘ನನ್ನ ಕ್ಲಾಸಲ್ಲಿ ಒತ್ತಕ್ಷರ ಹತ್ತುತ್ತಿಲ್ಲ, ನೀವೇನು ಮಾಡಿದಿರಿ?’ ಅಂತ ಕೇಳೋಕೆ ಜಾಗ ಎಲ್ಲಿದೆ? ಸಿಆರ್‌ಪಿ ಮೊಬೈಲ್ ಹಿಡಿದು ಫೋಟೋಕ್ಕೆ ಬಂದರೆ ಫೋಟೋಕ್ಕೆ ಬೇಕಾದ ಕ್ಲಾಸೇ ಸಿಗುತ್ತೆ. ಅದೇ ಸಿಆರ್‌ಪಿ ಒಂದು ತಟ್ಟೆಯ ಮಕ್ಕಳ ಜೊತೆ ತಾವೇ ನೆಲದ ಮೇಲೆ ಅರ್ಧ ಗಂಟೆ ಕೂತರೆ, ಕಷ್ಟ ಏನು ಅಂತ ಅವರಿಗೂ ತಿಳಿಯುತ್ತೆ, ಮೇಡಂಗೂ ಧೈರ್ಯ ಬರುತ್ತೆ.

ಕೋಟೆಯ ಅನುಭವ ನೋಡಿದರೆ ನೋಡಿ ಬರೋ ಅವಕಾಶಕ್ಕೇ ಬೆಲೆ ಹೆಚ್ಚು. ಮದನಪಲ್ಲಿಗೆ ಬಸ್ಸು ಮಾಡೋದು ಬೇಡ. ಮೂರು ಕಿಲೋಮೀಟರ್ ಆಚೆ, ಇದೇ ಥರದ ಮಕ್ಕಳು, ಇದೇ ಥರದ ಸೋರೋ ಕೋಣೆ ಇರುವ ಶಾಲೆಯಲ್ಲಿ ಒಬ್ಬರು ಚೆನ್ನಾಗಿ ಮಾಡ್ತಿದ್ದರೆ ಅಲ್ಲಿಗೆ ಅರ್ಧ ದಿನ ಕಳಿಸಿ. ಆ ಅರ್ಧ ದಿನ ಇವರ ಕ್ಲಾಸು ನೋಡಿಕೊಳ್ಳೋಕೆ ಒಬ್ಬರನ್ನು ಕೊಡಿ. ಸೂಪರ್ ಶಾಲೆ, ಮಾದರಿ ಶಾಲೆ ತೋರಿಸಿದರೆ ‘ಅವರಿಗೆ ಎಲ್ಲ ಇದೆ ಬಿಡಿ’ ಅನ್ನೋ ಉತ್ತರ ರೆಡಿ ಇರುತ್ತೆ. ಪಕ್ಕದೂರಿನ ಶಾಲೆಗೆ ಆ ಮಾತು ಹೇಳೋಕಾಗಲ್ಲ.

ಶಾಲೆಯೊಳಗೂ ಅಷ್ಟೇ. ಉತ್ಸಾಹಿ ಯುವ ಶಿಕ್ಷಕರು ವರ್ಗಾವಣೆಯಾಗಿ ಬಂದವರೇ ಹಿರಿಯರಿಗೆ ಪಾಠ ಹೇಳೋಕೆ ಹೋದರೆ ಬಾಗಿಲು ಮುಚ್ಚಿತು ಅಂತಲೇ ಲೆಕ್ಕ. ‘ಮೇಡಂ, ನಿಮಗೆ ಮಕ್ಕಳ ಹಾಡು ಎಷ್ಟೊಂದು ಗೊತ್ತು, ನನ್ನ ತಟ್ಟೆಗೆ ಒಂದು ಹೇಳಿಕೊಡಿ’ ಅಂತ ಶುರು ಮಾಡಿದರೆ ಮಾತಿಗೆ ದಾರಿ ಆಗುತ್ತೆ. ಹಿರಿಯ ಶಿಕ್ಷಕಿಯ ಬಾಯಿಪಾಠದ ಶಕ್ತಿಯನ್ನು ನಲಿ-ಕಲಿ ಬೇಡ ಅನ್ನಲ್ಲ; ಮಕ್ಕಳು ಪದ ಓದೋಕೆ ಶುರು ಮಾಡಿದ ಮೇಲೆ ವರ್ಣಮಾಲೆ ಹಾಡಿಸಿದರೆ ನಷ್ಟವೇನೂ ಇಲ್ಲ, ಮನೆಯವರಿಗೂ ಸಮಾಧಾನ. ಇಡೀ ಪದ್ಧತಿಯನ್ನು ಒಂದೇ ದಿನ ಹೇರೋ ಬದಲು ಮೊದಲು ಗೋಡೆ ಹಲಗೆ ಒಂದನ್ನೇ ದಿನಾ ಬಳಸೋಣ, ಆಮೇಲೆ ಒಂದು ತಟ್ಟೆ ಅಂದರೆ ಅವರೂ ಮಾಡಿ ನೋಡ್ತಾರೆ. ಮಾಡಿದ ಮೇಲೆ ನಿಧಾನಕ್ಕೆ ಓದುತ್ತಿದ್ದ ಒಂದು ಮಗು ತಾನಾಗೇ ಓದಿದರೆ ಸಾಕು, ಹತ್ತು ತರಬೇತಿಗೆ ಸಮ. ಮುಖ್ಯ ಶಿಕ್ಷಕರು ಈ ತಿಂಗಳು ದಾಖಲೆ ಸ್ವಲ್ಪ ಹಿಂದೆ ಬಿದ್ದರೂ ಪರವಾಗಿಲ್ಲ ಅಂತ ಹೇಳೋ ಧೈರ್ಯ ಮಾಡಬೇಕು. ಆ ಧೈರ್ಯಕ್ಕೆ ಬಿಇಒ ಕಚೇರಿಯ ಬೆಂಬಲ ಬೇಕು.

ಅಂಗಡಿ ಬೀದಿಯವರಿಗೂ ಇದರಲ್ಲಿ ಪಾಲಿದೆ, ಯಾಕಂದರೆ ಶಿಕ್ಷಕರು ಹಿಂಜರಿಯೋದಕ್ಕೆ ಪೋಷಕರ ಬಾಯಿಗೆ ಹೆದರೋದೂ ಒಂದು ಕಾರಣ. ಬ್ಯಾಗಲ್ಲಿ ನೋಟ್‌ಬುಕ್ ತುಂಬಿಲ್ಲ, ಹೋಂವರ್ಕ್ ಇಲ್ಲ ಅಂದ ಕೂಡಲೇ ಟಿಸಿ ಕೇಳೋರಿದ್ದಾರೆ. ದಾಖಲಾತಿ ಕಮ್ಮಿಯಾದರೆ ಆ ಶಾಲೆಯ ಒಬ್ಬ ಶಿಕ್ಷಕರು ಹೆಚ್ಚುವರಿ ಪಟ್ಟಿಗೆ ಹೋಗ್ತಾರೆ, ಉಳಿದವರ ಮೇಲೆ ಇನ್ನೂ ಎರಡು ತರಗತಿ ಬೀಳುತ್ತೆ, ಆಗ ಕಾರ್ಡು ಪೂರ್ತಿ ಬೀರು ಸೇರುತ್ತೆ. ಮಗು ಸಕ್ಕರೆ ತರೋಕೆ ಅಂಗಡಿಗೆ ಬಂದಾಗ ‘ಅ ಆ ಇ ಈ ಹೇಳು’ ಅನ್ನೋ ಬದಲು ಬಿಸ್ಕತ್ತು ಡಬ್ಬಿ ಮೇಲಿನ ಕನ್ನಡ ಪದ ತೋರಿಸಿ ಏನು ಬರೆದಿದೆ ಅಂತ ಕೇಳಿ. ಓದಿದರೆ ಅದನ್ನು ಅವರಪ್ಪನಿಗೂ ಹೇಳಿ, ಮೇಷ್ಟ್ರಿಗೂ ಹೇಳಿ. ಎಸ್‌ಡಿಎಂಸಿಯಲ್ಲಿ ಇರುವವರು ಮುಂದಿನ ಸಭೆಯಲ್ಲಿ ಸುಣ್ಣ-ಬಣ್ಣ, ಕಾಂಪೌಂಡಿನ ಚರ್ಚೆಗೆ ಮುಂಚೆ ಎರಡು ಪ್ರಶ್ನೆ ಕೇಳಿ: ಈ ವರ್ಷದ ನಲಿ-ಕಲಿ ಕಾರ್ಡು ಪೂರ್ತಿ ಬಂದಿದೆಯಾ, ಮತ್ತು ನಮ್ಮ ಮೇಡಂ ಇನ್ನೊಂದು ಶಾಲೆಯ ಕ್ಲಾಸು ನೋಡಿ ಎಷ್ಟು ವರ್ಷ ಆಯಿತು?