ಇದು ದಬ್ಬೆಯಲ್ಲ

ದೆಹಲಿಗೆ ಹೊಸದಾಗಿ ಬಂದವರಿಗೆ ಹೌಜ್ ಖಾಸ್ ಅಂದರೆ ಖಿಲ್ಜಿ ಕಾಲದ ಕೆರೆ, ಅದರ ದಂಡೆಯಲ್ಲಿರುವ ಫಿರೋಜ್ ಷಾ ತುಘಲಕ್‌ನ ಸಮಾಧಿ, ಪಕ್ಕದ ಕೆಫೆಗಳು. ನಮ್ಮಂಥ ಐಟಿಯವರಿಗೆ ಐಐಟಿ ಗೇಟು, ಮೆಟ್ರೋ ಬದಲಿಸುವ ಸ್ಟೇಷನ್ನು. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಮನೆಯವರಿಗೆ ಮಾತ್ರ ಇಲ್ಲಿಯ ಬಲ್ಬೀರ್ ಸಕ್ಸೇನಾ ಮಾರ್ಗ ಚೆನ್ನಾಗಿ ಗೊತ್ತು. 1978ರಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ನಾರ್ದರ್ನ್ ಇಂಡಿಯಾ ಎಂದು ಶುರುವಾಗಿ, ಆಮೇಲೆ ಹೆಸರಿನಿಂದ ‘ಸ್ಪಾಸ್ಟಿಕ್’ ಪದವನ್ನೇ ಬಿಟ್ಟುಕೊಟ್ಟು ‘ಆದಿ’ಯಾದ ಸಂಸ್ಥೆ ಇರುವುದು ಅಲ್ಲೇ.

ಚಳಿಗಾಲದಲ್ಲಿ ಮೂರು ಸಲ ನಾನು ಇದೇ ಪ್ರದೇಶದ ಬೇರೊಂದು ಚಿಕ್ಕ ಥೆರಪಿ ಕೊಠಡಿಗೆ ಹೋಗಿ ಬಂದೆ. ಕೆಲಸ ದುಭಾಷಿಯದು. ಗದಗ ಕಡೆಯ ಒಂದು ಕುಟುಂಬ, ಅಪ್ಪನಿಗೆ ಕೇಂದ್ರ ಪೊಲೀಸ್ ಪಡೆಯಲ್ಲಿ ನೌಕರಿ, ಡ್ಯೂಟಿಗೆ ಹೊತ್ತಿಲ್ಲ ಗೊತ್ತಿಲ್ಲ. ಅಮ್ಮನ ಮಡಿಲಲ್ಲಿ ಎರಡು ತಿಂಗಳ ಕೂಸು. ಹಾಗಾಗಿ ನಾಲ್ಕು ವರ್ಷದ ದೊಡ್ಡ ಮಗನನ್ನು ಕರೆದುಕೊಂಡು ಬರುವವರು ಅಜ್ಜಿ. ಅವರಿಗೆ ಹಿಂದಿ ಬರುವುದಿಲ್ಲ, ಥೆರಪಿಸ್ಟ್‌ಗೆ ಕನ್ನಡ ಬರುವುದಿಲ್ಲ.

ಹುಡುಗನ ಬಲಗೈ ಮೊಣಕೈಯಲ್ಲಿ ಮಡಚಿಕೊಂಡಿರುತ್ತದೆ. ಮಣಿಕಟ್ಟು ಕೆಳಕ್ಕೆ ಬಾಗಿ, ಹೆಬ್ಬೆರಳು ಮುಷ್ಟಿಯೊಳಗೆ ಸಿಕ್ಕಿಕೊಂಡಿರುತ್ತದೆ. ಅದಕ್ಕೊಂದು ಸ್ಪ್ಲಿಂಟ್ ಮಾಡಬೇಕಿತ್ತು. ಮಾಡುವುದನ್ನು ನೋಡುವುದೇ ಚೆಂದ. ಥೆರಪಿಸ್ಟ್ ಮೊದಲು ಕಾಗದದ ಮೇಲೆ ಕೈಯ ಆಕಾರ ಬರೆದುಕೊಂಡರು. ಅದನ್ನು ಬಿಳಿ ಪ್ಲಾಸ್ಟಿಕ್ ಹಾಳೆಯ ಮೇಲಿಟ್ಟು ಕತ್ತರಿಸಿ, ಸುಮಾರು 65-70 ಡಿಗ್ರಿಯ ಬಿಸಿನೀರಿನ ತಟ್ಟೆಗೆ ಬಿಟ್ಟರು. ಒಂದು ನಿಮಿಷಕ್ಕೆ ಹಾಳೆ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಯಿತು. ಒರೆಸಿ, ಬಿಸಿ ಆರಿದ್ದನ್ನು ತಮ್ಮ ಕೈಮೇಲೆ ನೋಡಿಕೊಂಡು, ಮಗುವಿನ ಮುಂಗೈ ಕೆಳಗಿಟ್ಟು ಒತ್ತಿದರು. ಹೆಬ್ಬೆರಳನ್ನು ನಿಧಾನಕ್ಕೆ ಹೊರಗೆ ತಂದು ಹಿಡಿದು ಕೂತರು. ಹಾಳೆ ಮತ್ತೆ ಗಟ್ಟಿಯಾಗುವುದರೊಳಗೆ ಇರುವ ಸಮಯ ಕೆಲವೇ ನಿಮಿಷ. ಅಷ್ಟು ಹೊತ್ತು ಬಿಗಿದ ಆ ಪುಟ್ಟ ಕೈ ಸಡಿಲವಾಗಿರಬೇಕು, ಅಂದರೆ ಮಗು ಅಳಬಾರದು. ಅದಕ್ಕಾಗಿ ನಾನು ಮೊಬೈಲಿನಲ್ಲಿ ಟ್ರ್ಯಾಕ್ಟರ್ ವಿಡಿಯೊ ತೋರಿಸುತ್ತಿದ್ದೆ. ಕೊನೆಗೆ ಅಂಚು ನಯ ಮಾಡಿ ವೆಲ್ಕ್ರೋ ಪಟ್ಟಿ ಅಂಟಿಸಿದರು.

ಅಜ್ಜಿ ಎಲ್ಲವನ್ನೂ ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ತಮ್ಮಾ, ಈ ದಬ್ಬಿ ಬಿಚ್ಚೂದು ಯಾವಾಗ?”

ಕೈ ಮುರಿದಾಗ ಬಿದಿರಿನ ದಬ್ಬೆ ಕಟ್ಟುವುದು ನಮ್ಮೂರುಗಳಲ್ಲಿ ಎಲ್ಲರಿಗೂ ಗೊತ್ತು. ಬೆಂಗಳೂರಿನ ಗಲ್ಲಿಗಳಲ್ಲಿ ‘ಪುತ್ತೂರು ಕಟ್ಟು’ ಎಂಬ ಬೋರ್ಡು ಕಾಣುತ್ತದಲ್ಲ, ಅದೂ ಅದೇ. ಆ ಪುತ್ತೂರು ನಮ್ಮ ದಕ್ಷಿಣ ಕನ್ನಡದ್ದಲ್ಲ, ಆಂಧ್ರದಲ್ಲಿ ತಿರುಪತಿ ಹತ್ತಿರದ್ದು. ದಬ್ಬೆಯ ನಿಯಮ ಸರಳ: ಎಲುಬು ಕೂಡುವವರೆಗೆ ಬಿಚ್ಚುವ ಹಾಗಿಲ್ಲ, ಕೂಡಿದ ಮೇಲೆ ಕಟ್ಟುವ ಹಾಗಿಲ್ಲ. ಈಗ ಮಗುವಿನ ಕೈಗೆ ಬಂದಿರುವುದನ್ನೂ ಅಜ್ಜಿ ಇದೇ ಲೆಕ್ಕಕ್ಕೆ ಸೇರಿಸಿದ್ದರು. ಹಾಗೇ ಬಿಟ್ಟಿದ್ದರೆ ಹಗಲು ರಾತ್ರಿ ಕಟ್ಟಿಡುತ್ತಿದ್ದರು. ಪ್ರೀತಿಯಿಂದಲೇ.

ನಾನು ಅನುವಾದ ಮಾಡಬೇಕಾಗಿದ್ದು ಇಲ್ಲಿ. ಸೆರೆಬ್ರಲ್ ಪಾಲ್ಸಿಯಲ್ಲಿ ಪೆಟ್ಟು ಬಿದ್ದಿರುವುದು ಕೈಗಲ್ಲ, ಬೆಳೆಯುತ್ತಿದ್ದ ಮೆದುಳಿಗೆ, ಹುಟ್ಟುವ ಮೊದಲೋ ಹುಟ್ಟುವಾಗಲೋ ಹುಟ್ಟಿದ ಹೊಸತರಲ್ಲೋ. ಲಂಡನ್ನಿನ ವೈದ್ಯ ವಿಲಿಯಂ ಲಿಟಲ್ 1861ರಲ್ಲೇ ಮಕ್ಕಳ ಈ ಬಿಗಿತವನ್ನು ಕಷ್ಟದ ಹೆರಿಗೆಯ ಜೊತೆ ಸೇರಿಸಿ ಬರೆದಿದ್ದ. ಮೆದುಳಿನ ಆ ಗಾಯ ದೊಡ್ಡದಾಗುತ್ತಾ ಹೋಗುವುದಿಲ್ಲ. ಆದರೆ ಕೈ ಬದಲಾಗುತ್ತಾ ಹೋಗುತ್ತದೆ. ಎಲುಬು ಉದ್ದವಾಗುತ್ತದೆ, ಸದಾ ಬಿಗಿದುಕೊಂಡ ಸ್ನಾಯು ಅದರ ಸಮಕ್ಕೆ ಬೆಳೆಯುವುದಿಲ್ಲ. ಇವತ್ತು ನಾವು ಮೆಲ್ಲಗೆ ಬಿಡಿಸಿದರೆ ಬಿಡಿಸಿಕೊಳ್ಳುವ ಮುಷ್ಟಿ, ಹೀಗೇ ಬಿಟ್ಟರೆ ಮುಂದೆ ಬಿಡಿಸಿದರೂ ಬಿಡಿಸಿಕೊಳ್ಳದೆ ಹೋಗಬಹುದು. ಆಗ ಅಂಗೈ ತೊಳೆಯುವುದು, ಉಗುರು ಕತ್ತರಿಸುವುದು, ಅಂಗಿಯ ತೋಳಿಗೆ ಕೈ ತೂರಿಸುವುದು ಕೂಡ ನೋವಿನ ಕೆಲಸ.

ಈ ಬಿಳಿ ಸ್ಪ್ಲಿಂಟ್ ರಾತ್ರಿಯದು. ಮಲಗಿದಾಗ ಮಣಿಕಟ್ಟು, ಬೆರಳು ಚಾಚಿಕೊಂಡಿರಲಿ ಅಂತ. ಹಗಲಿಗೆ ಇನ್ನೊಂದು ಬೇರೆ: ಈಜುಗಾರರ ಉಡುಪಿಗೆ ಬಳಸುವ ನಿಯೋಪ್ರೀನ್ ಎಂಬ ಮೆತ್ತನೆ ರಬ್ಬರು ಬಟ್ಟೆಯ ಪಟ್ಟಿ. ಅದು ಹೆಬ್ಬೆರಳನ್ನಷ್ಟೇ ಹೊರಗೆ ಎಳೆದಿಡುತ್ತದೆ, ಉಳಿದ ಬೆರಳು ಆಟಕ್ಕೆ ಬಿಡುವಾಗಿರುತ್ತವೆ. ಅದೂ ಆಟದ ಹೊತ್ತಿಗೆ ಮಾತ್ರ.

“ಬಿಚ್ಚಿಟ್ರ ಕೈ ಹ್ಯಾಂಗ ನೆಟ್ಟಗಾಗ್ತದ?” ಅಂದರು ಅಜ್ಜಿ. ಥೆರಪಿಸ್ಟ್ ಕೊಟ್ಟ ಉತ್ತರ ನನಗೂ ಹೊಸದು. ಕೈ ಅಂದರೆ ಬರೀ ಹಿಡಿಯುವ ಸಾಧನವಲ್ಲ, ಮುಟ್ಟಿ ತಿಳಿಯುವುದೂ ಅದೇ. ಅಂಗೈಗೆ ಪ್ಲಾಸ್ಟಿಕ್ ಮುಚ್ಚಿದ್ದರೆ ನೀರು, ಮಣ್ಣು, ಅಮ್ಮನ ಕೆನ್ನೆ ಯಾವುದೂ ಅದಕ್ಕೆ ತಾಗುವುದಿಲ್ಲ. ಮೊದಲೇ ಮರೆತುಹೋದಂತಿರುವ ಕೈಯನ್ನು ಮೆದುಳು ಇನ್ನಷ್ಟು ಮರೆಯುತ್ತದೆ.

ಮನೆಗೆ ಬಂದು ಓದಿದೆ, ನಮ್ಮ ಕಸುಬಿನ ಚಟ. ಸೆರೆಬ್ರಲ್ ಪಾಲ್ಸಿ ಮಕ್ಕಳ ಕೈ ಸ್ಪ್ಲಿಂಟ್ ಬಗ್ಗೆ ಆವರೆಗಿನ ಪ್ರಯೋಗಗಳನ್ನೆಲ್ಲ ಸೇರಿಸಿ ಆಸ್ಟ್ರೇಲಿಯಾದ ಸಂಶೋಧಕರು 2014ರಲ್ಲಿ ಒಂದು ಪರಿಶೀಲನೆ ಪ್ರಕಟಿಸಿದ್ದಾರೆ. ಥೆರಪಿಯ ಜೊತೆ ಸ್ಪ್ಲಿಂಟ್ ಇದ್ದರೆ ಬರೀ ಥೆರಪಿಗಿಂತ ಸ್ವಲ್ಪ ಹೆಚ್ಚು ಪ್ರಯೋಜನ, ಹಾಕುವುದು ನಿಲ್ಲಿಸಿದರೆ ಆ ಪ್ರಯೋಜನವೂ ಕರಗುತ್ತದೆ ಎಂಬುದು ಅದರ ಸಾರ. ‘ಸ್ವಲ್ಪ’ ಎಂಬ ಮಾತು ಕೇಳಿ ನಿರಾಸೆಯಾಗುತ್ತದೆ. ನನಗನಿಸುವುದು, ಮನೆಯವರಿಗೆ ಈ ಮಾತನ್ನು ಮೊದಲ ದಿನವೇ ಹೇಳಿಬಿಡುವುದು ಒಳ್ಳೆಯದು. ಸ್ಪ್ಲಿಂಟ್‌ನಿಂದ ಕೈ ನೆಟ್ಟಗಾಗುತ್ತದೆ ಎಂದು ನಂಬಿದವರು ಆರು ತಿಂಗಳಿಗೆ ಬೇಸತ್ತು ಅದನ್ನು ಅಟ್ಟಕ್ಕೆ ಎಸೆಯುತ್ತಾರೆ, ಜೊತೆಗೆ ಥೆರಪಿಯನ್ನೂ ಬಿಡುತ್ತಾರೆ.

ಅಟ್ಟದ ಮಾತು ಸುಮ್ಮನೆ ಹೇಳಿದ್ದಲ್ಲ. ಈ ಹುಡುಗನಿಗೆ ಹಿಂದೆ ಯಾವುದೋ ಶಿಬಿರದಲ್ಲಿ ಒಂದು ಸಿದ್ಧ ಸ್ಪ್ಲಿಂಟ್ ಕೊಟ್ಟಿದ್ದರಂತೆ. ಫೋಟೊ ತೆಗೆದುಕೊಂಡರು, ಅಳತೆ ತೆಗೆದುಕೊಳ್ಳಲಿಲ್ಲ. ಹೆಬ್ಬೆರಳ ಬುಡಕ್ಕೆ ಉಜ್ಜಿ ಗಾಯವಾಯಿತು, ಮಗು ಅತ್ತಿತು, ಮುಗಿಯಿತು. ಈಗ ಅಳತೆ ನೋಡಿ ಮಾಡಿದ್ದೂ ಬಹಳ ಕಾಲ ಬಾರದು, ನಾಲ್ಕು ವರ್ಷದ ಕೈ ಬೆಳೆಯುತ್ತಲೇ ಇರುತ್ತದೆ. ಆಗಾಗ ತೋರಿಸಿ ಸರಿಮಾಡಿಸಬೇಕು, ಇಲ್ಲವೇ ಹೊಸದು ಮಾಡಿಸಬೇಕು. ಚಪ್ಪಲಿ ಸಣ್ಣದಾದರೆ ತಟ್ಟನೆ ತಿಳಿಯುವ ನಮಗೆ ಇದು ತಿಳಿಯುವುದಿಲ್ಲ.

ಅಜ್ಜಿಗೆ ಓದಲು ಬರುತ್ತದೆ. ಹಾಗಾಗಿ ದೊಡ್ಡ ಅಕ್ಷರದಲ್ಲಿ ಕನ್ನಡದ ಒಂದು ಹಾಳೆ ಮಾಡಿಕೊಟ್ಟೆ, ಥೆರಪಿಸ್ಟ್ ಹೇಳಿದ್ದಷ್ಟೇ, ನನ್ನದೇನೂ ಇಲ್ಲ. ಮೊದಲ ದಿನಗಳಲ್ಲಿ ಸ್ವಲ್ಪ ಹೊತ್ತು, ಆಮೇಲೆ ನಿಧಾನಕ್ಕೆ ಹೆಚ್ಚು. ಒಳಗೆ ತೆಳ್ಳನೆ ಹತ್ತಿ ಬಟ್ಟೆ. ಬಿಚ್ಚಿದ ಮೇಲೆ ಚರ್ಮ ನೋಡಿ, ಕೆಂಪು ಗುರುತು ಅರ್ಧ ಗಂಟೆಯಾದರೂ ಹೋಗದಿದ್ದರೆ ಮತ್ತೆ ಹಾಕದೆ ತೋರಿಸಿ. ಬೆರಳು ಊದಿದರೆ, ಬಣ್ಣ ತಿರುಗಿದರೆ ಕೂಡಲೇ ತೆಗೆಯಿರಿ. ಉಗುರುಬೆಚ್ಚಗಿನ ನೀರು, ಸೋಪು ಸಾಕು. ಬಿಸಿನೀರಲ್ಲಿ ಅದ್ದಬೇಡಿ, ಬಿಸಿಲಿಗೆ ಒಣಹಾಕಬೇಡಿ, ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ಮೇ ತಿಂಗಳ ದೆಹಲಿ ಗೊತ್ತಲ್ಲ, ಬಿಸಿಯಲ್ಲಿ ಮೆತ್ತಗಾಗಿ ಆಕಾರ ಪಡೆದದ್ದು ಬಿಸಿಯಲ್ಲೇ ಆಕಾರ ಕಳೆದುಕೊಳ್ಳುತ್ತದೆ. ಹಾಳೆಯ ತಲೆಬರಹವಾಗಿ ಬರೆದೆ: ಇದು ದಬ್ಬೆಯಲ್ಲ. ಓದುಗರಲ್ಲಿ ಯಾರಾದರೂ ಇದನ್ನು ಕತ್ತರಿಸಿ ಇಟ್ಟುಕೊಳ್ಳುವುದಾದರೆ ಒಂದು ಮಾತು: ಎಷ್ಟು ಹೊತ್ತು, ಯಾವ ಬಗೆ ಎಂಬುದು ಮಗುವಿನಿಂದ ಮಗುವಿಗೆ ಬೇರೆ. ಕೆಲವು ಮಕ್ಕಳಿಗೆ ಸ್ಪ್ಲಿಂಟ್ ಬೇಕಾಗುವುದೇ ಇಲ್ಲ. ನಿಮ್ಮ ಥೆರಪಿಸ್ಟ್ ಹೇಳಿದ್ದೇ ಲೆಕ್ಕ.

ಮೂರನೇ ಭೇಟಿಯಲ್ಲಿ ಥೆರಪಿಸ್ಟ್ ಕೇಳಿದರು, “ಮಾತಾಜಿ, ಈ ಕೈಯಿಂದ ಮೊಮ್ಮಗ ಏನು ಮಾಡಬೇಕು ಅಂತ ನಿಮಗೆ ಆಸೆ?” ಬರೆಯಬೇಕು, ಓದಬೇಕು ಎನ್ನುತ್ತಾರೆ ಅಂದುಕೊಂಡು ನಾನು ಹಿಂದಿ ವಾಕ್ಯ ಸಿದ್ಧ ಮಾಡಿಕೊಂಡಿದ್ದೆ. ಅಜ್ಜಿ ಸ್ವಲ್ಪ ಯೋಚಿಸಿ, “ರೊಟ್ಟಿ ಹರೀಲಿ” ಅಂದರು. ನಿಜ, ರೊಟ್ಟಿ ಹರಿಯಲು ಎರಡು ಕೈ ಬೇಕು. ಒಂದು ಹಿಡಿಯಬೇಕು, ಇನ್ನೊಂದು ಎಳೆಯಬೇಕು. ಬಲಗೈ ಹಿಡಿದುಕೊಂಡರೆ ಸಾಕು, ಎಳೆಯುವುದನ್ನು ಎಡಗೈ ನೋಡಿಕೊಳ್ಳುತ್ತದೆ. ಥೆರಪಿಸ್ಟ್ ತಮ್ಮ ಫೈಲಿನಲ್ಲಿ ಅದನ್ನೇ ಗುರಿ ಎಂದು ಬರೆದುಕೊಂಡರು. ಮುಂದೆ ಚೆನ್ನಾಗಿರುವ ಎಡಗೈಗೆ ಸ್ವಲ್ಪ ಹೊತ್ತು ಚೀಲ ತೊಡಿಸಿ ಬಲಗೈಯಿಂದಲೇ ಆಡಿಸುವ ಪದ್ಧತಿಯೂ ಇದೆ ಎಂದಾಗ ಮಾತ್ರ ಅಜ್ಜಿ ನನ್ನ ಮುಖ ನೋಡಿದರು: “ಇದ್ದ ಒಂದ್ ಕೈನೂ ಕಟ್ಟತಾರಂತೇನು?” ಅದನ್ನು ನಾನು ಅನುವಾದಿಸಲಿಲ್ಲ, ಥೆರಪಿಸ್ಟ್‌ಗೆ ಹಾಗೇ ಅರ್ಥವಾಯಿತು.

ಅಪ್ಪನಿಗೆ ವರ್ಗದ ಮಾತು ನಡೆದಿದೆ, ಬೆಂಗಳೂರು ಆಗಬಹುದು. ಅಲ್ಲಿ ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇದೆ, 1959ರಿಂದ ನಡೆಯುತ್ತಿರುವ ಎಪಿಡಿ ಇದೆ, ಇಂಥ ಸಾಧನಗಳನ್ನು ಮಾಡುವ ಮೊಬಿಲಿಟಿ ಇಂಡಿಯಾ ಇದೆ. ಅಲ್ಲಿ ಅಜ್ಜಿಗೆ ನನ್ನ ಅಗತ್ಯವಿಲ್ಲ. ಅಲ್ಲಿಯವರೆಗೆ ತಿಂಗಳ ಎರಡನೇ ಶನಿವಾರ ಹನ್ನೊಂದು ಗಂಟೆಗೆ ನಾವು ಮೂವರೂ ಹೌಜ್ ಖಾಸ್ ಮೆಟ್ರೋದ ಲಿಫ್ಟ್ ಮುಂದೆ ಸರದಿಯಲ್ಲಿರುತ್ತೇವೆ. ಮೊನ್ನೆ ಆ ಲಿಫ್ಟಿನಲ್ಲಿ ಹುಡುಗ ಬಿಸ್ಕತ್ತಿನ ಪೊಟ್ಟಣವನ್ನು ಬಲಗೈ ಮತ್ತು ಎದೆಯ ನಡುವೆ ಒತ್ತಿ ಹಿಡಿದು, ಎಡಗೈಯಿಂದ ಹರಿದ. ಅರ್ಧ ಬಿಸ್ಕತ್ತು ನೆಲಕ್ಕೆ.